ಟೈಗರ್ ಮಾತ್: ಬಳ್ಳಾರಿ ಬಿಸಿಲಿನ ಲೆಕ್ಕದಲ್ಲಿ ಹಳೆಯ ತರಬೇತಿ ವಿಮಾನದ ವಿಮರ್ಶೆ

ಮಾಲು ಹಳೆಯದು. ಡಿ ಹ್ಯಾವಿಲೆಂಡ್ ಕಂಪನಿಯ ಡಿಎಚ್ 82 ಟೈಗರ್ ಮಾತ್ ಮೊದಲ ಸಲ ಹಾರಿದ್ದು 1931ರ ಅಕ್ಟೋಬರ್ 26ರಂದು. ಆಮೇಲೆ ಎಂಟು ಸಾವಿರಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಅವುಗಳಲ್ಲಿ ಸಾಕಷ್ಟು ಈಗಲೂ ಹಾರುತ್ತಿವೆ, ಕೈಯಿಂದ ಕೈಗೆ ಮಾರಾಟವಾಗುತ್ತಿವೆ. ನಮ್ಮ ವಾಯುಪಡೆಯ ವಿಂಟೇಜ್ ವಿಭಾಗದಲ್ಲೂ ಒಂದಿದೆ. ದುರಸ್ತಿಯಾಗಿ ಬಂದು 2012ರ ವಾಯುಪಡೆ ದಿನದಂದು ಹಿಂಡನ್‌ನಲ್ಲಿ ಹಾರಿತು. ಹಾಗಾಗಿ ಇದನ್ನು ಮ್ಯೂಸಿಯಂ ಸಾಮಾನು ಎಂದು ಪಕ್ಕಕ್ಕಿಡುವಂತಿಲ್ಲ. ಇಲ್ಲಿ ಕೇಳುತ್ತಿರುವ ಪ್ರಶ್ನೆ ಒಂದೇ. ವಿಮಾನಯಾನದ ಮೊದಲ ದಿನಗಳಲ್ಲಿ ತರಬೇತಿ ವಿಮಾನಗಳು ಯಾಕೆ ಬೀಳುತ್ತಿದ್ದವು, ಮತ್ತು ಅದೇ ವಿಮಾನವನ್ನು ಬಳ್ಳಾರಿಯ ಬಿಸಿಲಲ್ಲಿ, ನಮ್ಮ ಹೊಲಗಳ ಮೇಲೆ ಹಾರಿಸಿದರೆ ಲೆಕ್ಕ ಎಷ್ಟು ಬದಲಾಗುತ್ತದೆ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಲಿಸುವುದರಲ್ಲಿ ಇದು ಗಟ್ಟಿ ಗುರು. ಎತ್ತರ ಕೈಯಲ್ಲಿದ್ದರೆ ಎಂಥ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆ. 500 ಅಡಿಯ ಕೆಳಗೆ ಮಾತ್ರ ಒಂದು ತಪ್ಪಿಗೂ ಬಿಡುವುದಿಲ್ಲ. ಆ 500 ಅಡಿಯೊಳಗಿನ ಜಾಗವನ್ನು ನಮ್ಮ ಏಪ್ರಿಲ್, ಮೇ ತಿಂಗಳು ಇನ್ನಷ್ಟು ಇಕ್ಕಟ್ಟು ಮಾಡುತ್ತವೆ.

ಬಳ್ಳಾರಿಗೆ ಈ ಮನೆತನದ ವಿಮಾನಗಳು ಹೊಸವಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಟಪಾಲು ಹೊತ್ತು ತಂದರಲ್ಲ, ಅಲ್ಲಿಂದ ಮುಂದೆ ಅದನ್ನು ಮದರಾಸಿಗೆ ಒಯ್ದವರು ಪೈಲಟ್ ನೆವಿಲ್ ವಿಂಟ್ಸೆಂಟ್. ಹೋದದ್ದು ಬಳ್ಳಾರಿ ಮಾರ್ಗವಾಗಿ. ಆಗಿನ್ನೂ ಕೆಳಗೆ ನೋಡಿ ಗುರುತು ಹಿಡಿಯಲು ತುಂಗಭದ್ರಾ ಜಲಾಶಯ ಇರಲಿಲ್ಲ. ಅಂದಿನ ಪೈಲಟ್‌ಗಳಿಗೆ ದಾರಿ ತೋರುತ್ತಿದ್ದದ್ದು ರೈಲು ಹಳಿ, ನದಿ ಮತ್ತು ಗುಡ್ಡಗಳು. ಅಹಮದಾಬಾದಿನಲ್ಲಿ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ, ನಾಲ್ಕು ಗ್ಯಾಲನ್ ಡಬ್ಬಿಗಳಲ್ಲಿ.

ಆ ಟಪಾಲು ವಿಮಾನ ಟೈಗರ್ ಮಾತ್ ಅಲ್ಲ, ಅದರ ಬಂಧು ಪಸ್ ಮಾತ್. ಒಂದೇ ಜೋಡಿ ರೆಕ್ಕೆ, ಮುಚ್ಚಿದ ಕ್ಯಾಬಿನ್, 120 ಅಶ್ವಶಕ್ತಿ. ಅದರ ಕಥೆಯನ್ನು ಇಲ್ಲಿ ತರುವುದಕ್ಕೆ ಕಾರಣವಿದೆ. 1930ರಿಂದ ಎರಡು ಮೂರು ವರ್ಷಗಳ ಅವಧಿಯಲ್ಲಿ ಹಲವು ಪಸ್ ಮಾತ್‌ಗಳು ಹಾರುತ್ತಿರುವಾಗಲೇ ರೆಕ್ಕೆ ಮುರಿದು ಬಿದ್ದವು. ಕೊನೆಗೆ ಸಿಕ್ಕ ಕಾರಣ ಇಷ್ಟು: ಗಾಳಿ ಕುಲುಕಾಡಿದಾಗ ರೆಕ್ಕೆಗೆ ಆಧಾರ ಕೊಟ್ಟಿದ್ದ ಮುಂದಿನ ಊರುಗೋಲು ಅದುರಲು ಶುರುವಾಗುತ್ತಿತ್ತು, ಆ ಅದುರಾಟ ಅದನ್ನೇ ಮುರಿಯುತ್ತಿತ್ತು. ಮದ್ದು ಒಂದು ಸಣ್ಣ ಹೆಚ್ಚುವರಿ ಕಡ್ಡಿ. ಅದನ್ನು ಕಟ್ಟಿದ ಮೇಲೆ ರೋಗ ನಿಂತಿತು. ಟೈಗರ್ ಮಾತ್‌ನದು ಎರಡು ಅಂತಸ್ತಿನ ರೆಕ್ಕೆ, ನಡುವೆ ಕಂಬಗಳು, ಅಡ್ಡಡ್ಡ ಬಿಗಿದ ತಂತಿಗಳು. ಇದು ಆ ಥರ ಮುರಿಯುವ ವಿಮಾನವಲ್ಲ. ಇದರಲ್ಲಿ ಸತ್ತವರು ಹೆಚ್ಚಾಗಿ ಸತ್ತದ್ದು ರೆಕ್ಕೆಗಳು ಸುಸ್ಥಿತಿಯಲ್ಲಿದ್ದಾಗಲೇ.

ಎಂಜಿನ್, ಮತ್ತು ಮಧ್ಯಾಹ್ನದ ಬಿಸಿಲು

ನಾವು ತೂಗಿ ನೋಡುತ್ತಿರುವುದು ಡಿಎಚ್ 82ಎ ಮಾದರಿ. ಎಂಜಿನ್ ಜಿಪ್ಸಿ ಮೇಜರ್: ನಾಲ್ಕು ಸಿಲಿಂಡರ್, ಗಾಳಿಯಿಂದಲೇ ತಂಪಾಗುವಂಥದ್ದು, 6.1 ಲೀಟರ್, 130 ಅಶ್ವಶಕ್ತಿ. ಎಂಜಿನ್ನನ್ನು ತಲೆಕೆಳಗಾಗಿ ಕೂರಿಸಿದ್ದಾರೆ. ಕ್ರ್ಯಾಂಕ್ ಮೇಲೆ, ಸಿಲಿಂಡರ್‌ಗಳು ಕೆಳಗೆ. ಇದರಿಂದ ಪ್ರೊಪೆಲ್ಲರ್ ಎತ್ತರದಲ್ಲಿ ನಿಲ್ಲುತ್ತದೆ, ಮುಂದಿನ ನೋಟವೂ ಕೊಂಚ ಸಿಗುತ್ತದೆ. ಖಾಲಿ ತೂಕ 506 ಕೆಜಿ, ಗರಿಷ್ಠ 828 ಕೆಜಿ. ಇಬ್ಬರು ದಪ್ಪನೆಯವರು ಕೂತು 86 ಲೀಟರ್ ಟ್ಯಾಂಕ್ ತುಂಬಿಸಿದರೆ ಮಿತಿ ಹತ್ತಿರ ಬಂದುಬಿಡುತ್ತದೆ. ಕಾಗದದ ಮೇಲೆ, ಸಮುದ್ರ ಮಟ್ಟದಲ್ಲಿ, ಏರುವ ವೇಗ ನಿಮಿಷಕ್ಕೆ 673 ಅಡಿ. ಇಂದಿನ ತರಬೇತಿ ವಿಮಾನ ಸೆಸ್ನಾ 172 ಕೂಡ ಇದಕ್ಕಿಂತ ಬಹಳ ಬೇಗ ಏನೂ ಏರುವುದಿಲ್ಲ ಎಂದು ಸಮಾಧಾನ ಪಡಬಹುದು. ಆದರೆ ಅದು ಸಮುದ್ರ ಮಟ್ಟದ, 15 ಡಿಗ್ರಿ ತಂಪಿನ ಅಂಕಿ.

ಬಳ್ಳಾರಿ ಸಮುದ್ರ ಮಟ್ಟದಿಂದ ಸುಮಾರು 1,500 ಅಡಿ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ತಾಪ 12 ಡಿಗ್ರಿ. ಮೇ ಮಧ್ಯಾಹ್ನ 42 ಡಿಗ್ರಿ ಎಂದುಕೊಳ್ಳಿ; 30 ಡಿಗ್ರಿ ಹೆಚ್ಚು. ಬಿಸಿ ಗಾಳಿ ಎತ್ತರದ ಗಾಳಿಯಂತೆ ತೆಳು; ಆ ಲೆಕ್ಕಕ್ಕೆ ಒಂದೊಂದು ಡಿಗ್ರಿಗೆ 120 ಅಡಿಯಂತೆ 3,600 ಅಡಿ ಸೇರಿಸಿದರೆ ವಿಮಾನದ ಪಾಲಿಗೆ ಬಳ್ಳಾರಿ ನಿಂತಿರುವುದು 5,100 ಅಡಿ ಎತ್ತರದಲ್ಲಿ. ಕೊಪ್ಪಳದ್ದು ಇನ್ನೂ ಸ್ವಲ್ಪ ಜಾಸ್ತಿ. ರಾಯಚೂರು ಕೊಂಚ ತಗ್ಗಿನಲ್ಲಿದೆ, ಆದರೆ ಅಲ್ಲಿನ ಬಿಸಿಲು ಆ ರಿಯಾಯಿತಿಯನ್ನು ತಾನೇ ನುಂಗಿಹಾಕುತ್ತದೆ.

ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ. 14 ಕಡಿಮೆ. 130 ಅಶ್ವಶಕ್ತಿಯಲ್ಲಿ ಉಳಿಯುವುದು 109ರ ಆಸುಪಾಸು. ಏರುವ ವೇಗ ನಮ್ಮ ಲೆಕ್ಕಕ್ಕೆ 450 ಅಡಿಗೆ ಇಳಿಯುತ್ತದೆ, ಅದೂ ಎಂಜಿನ್ ಹೊಸದಿದ್ದರೆ, ರೆಕ್ಕೆಗೆ ಹೊದಿಸಿದ ಬಟ್ಟೆ ಬಿಗಿಯಾಗಿದ್ದರೆ. ಸಾವಿರ ಅಡಿ ಮುಟ್ಟಲು ಒಂದೂವರೆ ನಿಮಿಷದ ಬದಲು ಎರಡೂಕಾಲು ನಿಮಿಷ. ಅಂದರೆ ಎಂಜಿನ್ ಕೈಕೊಟ್ಟರೆ ಪ್ರಾಣಕ್ಕೆ ಸಂಚಕಾರ ಬರುವ ಎತ್ತರದಲ್ಲಿ ಮುಕ್ಕಾಲು ನಿಮಿಷ ಹೆಚ್ಚು ಕಳೆಯಬೇಕು. ಇಳಿಯುವಾಗ ವೇಗದ ಮುಳ್ಳು ಎಂದಿನಂತೆ ಗಂಟೆಗೆ 58 ಮೈಲಿ ತೋರಿಸುತ್ತಿದ್ದರೂ ನೆಲದ ಮೇಲೆ ನಿಜವಾದ ವೇಗ 63. ಐದು ಮೈಲಿ ಏನು ಮಹಾ ಅನ್ನಿಸಬಹುದು. ತಾಗುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಶೇ. 17ರಷ್ಟು ಹೆಚ್ಚಾಗಿರುತ್ತದೆ. ಬ್ರೇಕ್ ಇಲ್ಲದ ವಿಮಾನಕ್ಕೆ ಇದು ಸಣ್ಣ ಮಾತಲ್ಲ.

ಬೆಳಗ್ಗೆ ಒಂಬತ್ತರ ಒಳಗೆ ಹಾರಾಟ ಮುಗಿಸಿ. ಮಧ್ಯಾಹ್ನ ಸುಂಟರಗಾಳಿ ಏಳುವ ಹೊತ್ತಿಗೆ ಇದನ್ನು ಹೊರಗೆ ಬಿಟ್ಟರೆ ನಿಂತಲ್ಲೇ ಮಗುಚುತ್ತದೆ. ಹೊರಗೆ ನಿಲ್ಲಿಸಲೇಬೇಕಾದರೆ ಎರಡೂ ರೆಕ್ಕೆ ಮತ್ತು ಬಾಲ ಮೂರನ್ನೂ ಗೂಟಕ್ಕೆ ಬಿಗಿಯಬೇಕು.

ಪಂಖ ತಿರುಗಿಸುವುದು

ಸೆಲ್ಫ್ ಸ್ಟಾರ್ಟರ್ ಇಲ್ಲ, ಬ್ಯಾಟರಿ ಇಲ್ಲ. ಪ್ರೊಪೆಲ್ಲರ್ ಕೈಯಿಂದಲೇ ತಿರುಗಿಸಬೇಕು. ಈ ಕೆಲಸಕ್ಕೆ ಇಬ್ಬರು ಬೇಕು, ಇಬ್ಬರಿಗೂ ಒಂದೇ ಭಾಷೆಯ ಕೂಗು ಗೊತ್ತಿರಬೇಕು.

ಚಕ್ರಕ್ಕೆ ಅಡ್ಡಗಟ್ಟೆ ಇಡಿ. ಪೆಟ್ರೋಲ್ ಕಾಕ್ ತೆರೆಯಿರಿ, ಸ್ವಿಚ್ ಆಫ್, ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿಕೆ) ಮುಚ್ಚಿರಲಿ. ಕಾರ್ಬುರೇಟರ್‌ನ ಗುಂಡಿ ಒತ್ತಿ ಹನಿ ಕೆಳಗೆ ಬೀಳುವವರೆಗೆ ಪೆಟ್ರೋಲ್ ತುಂಬಿಸಿ. ಪಂಖವನ್ನು ನಾಲ್ಕು ಎಲೆ, ಅಂದರೆ ಎರಡು ಸುತ್ತು, ಕೈಯಲ್ಲೇ ತಿರುಗಿಸಿ, ಎಂಜಿನ್ ಅದನ್ನು ಎಳೆದುಕೊಳ್ಳಲಿ. ಆಮೇಲೆ ಥ್ರಾಟಲ್ ಅರ್ಧ ಇಂಚು. ಆಗ ಮಾತ್ರ ಕೂಗು, ಉತ್ತರ, ಸ್ವಿಚ್ ಆನ್, ಒಂದು ಗಟ್ಟಿ ಎಳೆತ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊಗಳ ಸ್ವಿಚ್‌ಗಳು ಕಾಕ್‌ಪಿಟ್‌ನ ಹೊರಮೈಮೇಲೆ ಇವೆ, ಮೇಲೆತ್ತಿದರೆ ಆನ್. ಹೊರಗೆ ಇಟ್ಟಿರುವುದು ಬಹಳ ಒಳ್ಳೆಯ ಯೋಚನೆ: ಪಂಖ ತಿರುಗಿಸುವವನು ತನ್ನ ಕಣ್ಣಿಂದಲೇ ಸ್ವಿಚ್ ನೋಡಿಕೊಳ್ಳಬಹುದು, ಒಳಗಿರುವವನ ಮಾತು ನಂಬಬೇಕಿಲ್ಲ.

ತಲೆಕೆಳಗಾದ ಎಂಜಿನ್ನಿನ ಒಂದು ರೋಗ ಗೊತ್ತಿರಲಿ. ರಾತ್ರಿಯೆಲ್ಲ ನಿಂತರೆ ಎಣ್ಣೆ ರಿಂಗ್ ದಾಟಿ ಸಿಲಿಂಡರಿನ ತಳಕ್ಕೆ ಇಳಿಯುತ್ತದೆ. ಎಣ್ಣೆ ಗಾಳಿಯಂತೆ ಕುಗ್ಗುವುದಿಲ್ಲ. ಹಾಗೇ ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಸ್ವಿಚ್ ಆಫ್ ಇಟ್ಟು ನಿಧಾನವಾಗಿ ತಿರುಗಿಸಿ. ಎಲ್ಲಾದರೂ ಗಡುಸಾಗಿ ನಿಂತರೆ ಜೋರು ಮಾಡಬೇಡಿ. ಪ್ಲಗ್ ಬಿಚ್ಚಿ ಎಣ್ಣೆ ಇಳಿಸಿ. ನಮ್ಮ ಕಡೆ ಎಣ್ಣೆ ಬೇಸಿಗೆಯಲ್ಲಿ ನೀರಿನಂತೆ ತೆಳ್ಳಗಾಗುವುದರಿಂದ ಈ ಪರೀಕ್ಷೆಗೆ ಒಂದು ದಿನವೂ ರಜೆ ಇಲ್ಲ.

ಪೆಟ್ರೋಲ್ ಕಾಕ್ ಬಗ್ಗೆ ಇನ್ನೊಂದು ಮಾತು. ಟ್ಯಾಂಕ್ ಇರುವುದು ಮೇಲಿನ ರೆಕ್ಕೆಯ ನಡುಭಾಗದಲ್ಲಿ, ನಿಮ್ಮ ತಲೆಯ ಮೇಲೆಯೇ. ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೆ ಇಳಿಯುತ್ತದೆ. ಕೆಡುವ ಭಾಗ ಒಂದು ಕಡಿಮೆ, ಮೆಚ್ಚಬೇಕು. ಆದರೆ ಕಾಕ್ ಮುಚ್ಚಿದ್ದರೂ ಪೈಪು ಮತ್ತು ಕಾರ್ಬುರೇಟರ್‌ನಲ್ಲಿ ಉಳಿದದ್ದರ ಮೇಲೆ ಎಂಜಿನ್ ಸ್ವಲ್ಪ ಹೊತ್ತು ಓಡುತ್ತದೆ. ಮೈದಾನದ ತುದಿ ತಲುಪಿ ನೆಲ ಬಿಡುವಷ್ಟು ಹೊತ್ತು ಸಾಕು, ಆಮೇಲೆ ನಿಲ್ಲುತ್ತದೆ. ಹಾರುವ ಮುನ್ನ ಪೂರ್ತಿ ಶಕ್ತಿಯಲ್ಲಿ ಎಂಜಿನ್ ಓಡಿಸಿ ಎರಡೂ ಮ್ಯಾಗ್ನೆಟೊ ಪರೀಕ್ಷಿಸುವ ಪದ್ಧತಿ ಈ ಮೋಸವನ್ನೂ ಬಯಲು ಮಾಡುತ್ತದೆ. ಅದನ್ನು ಅವಸರದಲ್ಲಿ ಮೊಟಕು ಮಾಡುವವರಿಗೆ ಈ ವಿಮಾನ ಕೊಡಬಾರದು.

ಕಾಕ್‌ಪಿಟ್

ಇನ್‌ಸ್ಟ್ರಕ್ಟರ್ ಮುಂದೆ, ವಿದ್ಯಾರ್ಥಿ ಹಿಂದೆ. ಒಬ್ಬರೇ ಹಾರುವಾಗ ಕೂರುವುದೂ ಹಿಂದಿನ ಸೀಟಿನಲ್ಲೇ. ಮುಂದಿನ ಸೀಟು ವಿಮಾನದ ತೂಕದ ಕೇಂದ್ರದ ಹತ್ತಿರ ಇರುವುದರಿಂದ ಅಲ್ಲಿ ಯಾರಿದ್ದರೂ ಇಲ್ಲದಿದ್ದರೂ ಸಮತೋಲ ಹೆಚ್ಚು ಕೆಡುವುದಿಲ್ಲ. ಹಿಂದಿನ ಜಿಪ್ಸಿ ಮಾತ್‌ನಲ್ಲಿ ಮುಂದಿನ ಸೀಟಿನವನ ತಲೆಯ ಮೇಲೆ ರೆಕ್ಕೆಯೂ ಟ್ಯಾಂಕೂ ಇದ್ದು ಪ್ಯಾರಾಚೂಟ್ ಕಟ್ಟಿಕೊಂಡು ಹೊರಬೀಳುವುದು ಕಷ್ಟವಿತ್ತು. ಟೈಗರ್ ಮಾತ್‌ನಲ್ಲಿ ಆ ನಡುಭಾಗವನ್ನು ಮುಂದಕ್ಕೆ ಸರಿಸಿ, ಸಮತೋಲಕ್ಕಾಗಿ ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದ್ದಾರೆ. ವಿಮಾನಕ್ಕೆ ಆ ಚೆಂದದ ಬಾಗು ಬಂದದ್ದು ಹೀಗೆ, ಪ್ರಾಣದ ಪ್ರಶ್ನೆಯಿಂದ.

ಇಬ್ಬರ ನಡುವೆ ಮಾತು ನಡೆಯುವುದು ಗಾಸ್‌ಪೋರ್ಟ್ ಟ್ಯೂಬ್‌ನಲ್ಲಿ. ಒಂದು ಬಾಯಿ ತುದಿ, ರಬ್ಬರ್ ಕೊಳವೆ, ಇನ್ನೊಂದು ತುದಿ ಕಿವಿಗೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್ ಶಾಲೆಯಲ್ಲಿ ಸ್ಮಿತ್-ಬ್ಯಾರಿ ಬಳಕೆಗೆ ತಂದ ಸಾಧನ. ಅದಕ್ಕೂ ಮುಂಚೆ ಕೈಸನ್ನೆ, ಹೆಗಲಿಗೆ ಏಟು. ಟ್ಯೂಬ್ ಕೆಲಸ ಮಾಡುತ್ತದೆ, ಆದರೆ ತೆರೆದ ಕಾಕ್‌ಪಿಟ್ಟಿನ ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗುತ್ತದೆ. ಇಲ್ಲಿಂದ ಹುಟ್ಟಿದ ಅಪಘಾತದ ಬಗೆಯೇ ಒಂದಿದೆ: ಸ್ಟಿಕ್ (ವಿಮಾನ ನಡೆಸುವ ಹಿಡಿಕೋಲು) ಅವನ ಕೈಯಲ್ಲಿದೆ ಎಂದು ಇವನು, ಇವನ ಕೈಯಲ್ಲಿದೆ ಎಂದು ಅವನು. ಯಾರ ಕೈಯಲ್ಲೂ ಇಲ್ಲದ ವಿಮಾನ ಇಳಿಯುತ್ತಾ ಇಳಿಯುತ್ತಾ ವೇಗ ಕಳೆದುಕೊಂಡಿರುತ್ತದೆ. ಕೊಡುವಾಗ ‘ನಿಮ್ಮ ಕೈಗೆ’, ತಗೊಳ್ಳುವಾಗ ‘ನನ್ನ ಕೈಯಲ್ಲಿದೆ’ ಎಂದು ಬಾಯಿಬಿಟ್ಟು ಹೇಳುವ ಕಟ್ಟುಪಾಡು ಅದಕ್ಕೇ. ಇನ್‌ಸ್ಟ್ರಕ್ಟರ್ ‘ಸಾರ್’ ಆಗಿರುವ ನಮ್ಮಲ್ಲಿ ವಿದ್ಯಾರ್ಥಿ ಅನುಮಾನವಿದ್ದರೂ ಸುಮ್ಮನಿರುವ ಅಪಾಯ ಇನ್ನೂ ಹೆಚ್ಚು. ಸುಮ್ಮನಿರಬಾರದು.

ಒಬ್ಬರೇ ಹಾರುವಾಗ ಮುಂದಿನ ಸೀಟಿನ ಬೆಲ್ಟ್‌ಗಳನ್ನು ಬಿಗಿದು ಕಟ್ಟಬೇಕು. ಸಡಿಲ ಬಿಟ್ಟ ಪಟ್ಟಿ ಮುಂದಿನ ಸ್ಟಿಕ್ಕಿಗೆ ಸುತ್ತಿಕೊಂಡರೆ ಹಿಂದೆ ಕೂತವನಿಗೆ ಕೈ ಚಾಚಿ ಬಿಡಿಸುವ ದಾರಿಯೇ ಇಲ್ಲ.

ತಿರುವು, ಸ್ಟಾಲ್, ಸ್ಪಿನ್

ವಿಮರ್ಶೆಯ ತಿರುಳು ಇಲ್ಲಿದೆ. ಸ್ವಲ್ಪ ನಿಧಾನವಾಗಿ ಓದಿ.

ಸಮತಟ್ಟಾಗಿ ಹಾರುವಾಗ ಟೈಗರ್ ಮಾತ್ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ಎತ್ತುವುದನ್ನು ಬಿಟ್ಟುಬಿಡುವುದು, ಸುಮಾರು 45 ಮೈಲಿಗೆ. ಏರುವಾಗ ಮುಂದೆ ಸಾಗುವ ವೇಗ 66, ಇಳಿಯುವಾಗ 58ರಿಂದ 60. ಮೇಲ್ನೋಟಕ್ಕೆ ಸಾಕಷ್ಟು ಅಂತರ ಇದೆ. ತಿರುವಿನಲ್ಲಿ ಅದು ಕರಗುತ್ತದೆ. 45 ಡಿಗ್ರಿ ವಾಲಿ ಎತ್ತರ ಬಿಡದೆ ತಿರುಗಿದರೆ ರೆಕ್ಕೆ ಹೊರಬೇಕಾದ ಭಾರ ಸುಮಾರು ಒಂದೂವರೆ ಪಟ್ಟು, ಸ್ಟಾಲ್ ವೇಗ 54. 60 ಡಿಗ್ರಿ ವಾಲಿದರೆ ಭಾರ ಎರಡು ಪಟ್ಟು, ಸ್ಟಾಲ್ ವೇಗ 64. ಇಳಿಯುವ ವೇಗವೇ 60 ಎನ್ನುವುದನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ.

ಇನ್ನೊಂದು ಸ್ವಭಾವ: ಏಲರಾನ್, ಅಂದರೆ ವಿಮಾನವನ್ನು ವಾಲಿಸುವ ರೆಕ್ಕೆಯಂಚಿನ ಪಟ್ಟಿ, ಇರುವುದು ಕೆಳಗಿನ ರೆಕ್ಕೆಗಳಲ್ಲಿ ಮಾತ್ರ, ಅದೂ ಮಂದ. ಸ್ಟಿಕ್ಕನ್ನು ಎಡಕ್ಕೆ ತಳ್ಳಿದರೆ ಎಡಕ್ಕೆ ವಾಲುತ್ತದೆ ನಿಜ, ಮೂಗು ಮಾತ್ರ ಮೊದಲು ಬಲಕ್ಕೆ ಜಾರುತ್ತದೆ. ಕೆಳಗಿಳಿದ ಏಲರಾನ್ ತನ್ನ ರೆಕ್ಕೆಯನ್ನು ಹಿಂದಕ್ಕೆ ಎಳೆಯುವುದರಿಂದ ಹೀಗಾಗುತ್ತದೆ. ತಯಾರಕರಿಗೆ ಇದು ಗೊತ್ತಿತ್ತು; ಮೇಲೇಳುವ ಏಲರಾನ್ ಹೆಚ್ಚು, ಕೆಳಗಿಳಿಯುವುದು ಕಡಿಮೆ ಚಲಿಸುವಂತೆ ಜೋಡಿಸಿದ್ದಾರೆ. ಆದರೂ ಪೂರ್ತಿ ಹೋಗಿಲ್ಲ. ಪ್ರತಿ ತಿರುವಿಗೂ ಕಾಲಿನಿಂದ ರಡ್ಡರ್ (ಮೂಗನ್ನು ಎಡಬಲ ತಿರುಗಿಸುವ ಬಾಲದ ಪಟ್ಟಿ) ಕೊಡಲೇಬೇಕು. ತರಬೇತಿ ವಿಮಾನಕ್ಕೆ ಇದನ್ನು ನಾವು ಗುಣದ ಪಟ್ಟಿಗೆ ಸೇರಿಸುತ್ತೇವೆ. ಕಾಲು ಸೋಮಾರಿಯಾಗಲು ಬಿಡದ ವಿಮಾನ ಇದು. ಇದರಲ್ಲಿ ಕಲಿತವರಿಗೆ ಬೇರೆ ವಿಮಾನದಲ್ಲಿ ರಡ್ಡರ್ ಹೇಳಿಕೊಡಬೇಕಿಲ್ಲ.

ಈಗ ಅಪಘಾತದ ಹಂತಗಳು. ವಿಮಾನ ನೆಲ ಬಿಟ್ಟು ಇನ್ನೂರೈವತ್ತು ಅಡಿ ಏರಿದೆ, ಎಂಜಿನ್ ನಿಂತಿತು. ಹಿಂದೆ ಮೈದಾನ, ಮುಂದೆ ಹೊಲ. ಮನಸ್ಸು ಮೈದಾನದ ಕಡೆ ಎಳೆಯುತ್ತದೆ. ತಿರುಗಿದರೆ ಏನಾಗುತ್ತದೆ? 60 ಮೈಲಿ ವೇಗದಲ್ಲಿ 45 ಡಿಗ್ರಿ ವಾಲಿದರೆ ತಿರುವಿನ ತ್ರಿಜ್ಯ ಸುಮಾರು 73 ಮೀಟರ್. ಬರೀ 180 ಡಿಗ್ರಿ ತಿರುಗಿದರೆ ಮೈದಾನದ ಪಕ್ಕಕ್ಕೆ ಬರುತ್ತೀರಿ. ಗೆರೆಗೆ ಸೇರಲು 220 ಡಿಗ್ರಿಯಾದರೂ ಬೇಕು. ಹತ್ತರಿಂದ ಹನ್ನೊಂದು ಸೆಕೆಂಡ್. ಎಂಜಿನ್ ಇಲ್ಲದೆ ಆ ವಾಲಿನಲ್ಲಿ ಇಳಿಯುವ ದರ ನಿಮಿಷಕ್ಕೆ ಸಾವಿರ ಅಡಿಗೂ ಮೇಲೆ. ತಿರುವಿಗೇ ಇನ್ನೂರು ಅಡಿ ಹೋಯಿತು. ಎಂಜಿನ್ ನಿಂತಿದ್ದು ಗ್ರಹಿಸಿ ಮೂಗು ಇಳಿಸಲು ಮೂರು ನಾಲ್ಕು ಸೆಕೆಂಡ್ ಬೇರೆ. ಎಲ್ಲ ಸರಿಯಾಗಿ ಮಾಡಿದರೂ ಇನ್ನೂರೈವತ್ತರಿಂದ ಮುನ್ನೂರು ಅಡಿ ಖರ್ಚು. ಬಳ್ಳಾರಿ ಮಧ್ಯಾಹ್ನದಲ್ಲಿ ನಿಜವಾದ ವೇಗ ಹೆಚ್ಚಿರುವುದರಿಂದ ತ್ರಿಜ್ಯ 85 ಮೀಟರ್, ಖರ್ಚು ಇನ್ನೂ ಜಾಸ್ತಿ. ಇದು ಬಾರದ ಲೆಕ್ಕ.

ತಿರುವಿನ ಅರ್ಧಕ್ಕೆ ಗಾಳಿ ಬೆನ್ನಿಗೆ ಬರುತ್ತದೆ. ನೆಲ ಕೆಳಗೆ ಸರಸರನೆ ಓಡುವುದು ಕಂಡು ವೇಗ ಹೆಚ್ಚಾಯಿತೆಂಬ ಭ್ರಮೆ. ಸ್ಟಿಕ್ ಹಿಂದಕ್ಕೆ ಬರುತ್ತದೆ. ನೆಲ ಹತ್ತಿರವಿದೆ, ಇನ್ನೂ ವಾಲಲು ಭಯ. ಬೇಗ ತಿರುಗಲೆಂದು ಒಳಗಿನ ಕಾಲು ರಡ್ಡರ್ ಒತ್ತುತ್ತದೆ. ವಾಲು ತಾನಾಗಿ ಹೆಚ್ಚುತ್ತದೆ. ಅದನ್ನು ತಡೆಯಲು ಸ್ಟಿಕ್ ಹೊರಕ್ಕೆ. ಆಗ ಒಳಗಿನ ರೆಕ್ಕೆಯ ಏಲರಾನ್ ಕೆಳಗಿಳಿದು ಮೊದಲೇ ಬಳಲಿದ್ದ ಆ ರೆಕ್ಕೆಯನ್ನು ಪೂರ್ತಿ ಸ್ಟಾಲ್ ಮಾಡುತ್ತದೆ. ಹಿಂದಕ್ಕೆ ಎಳೆದ ಸ್ಟಿಕ್, ಒಂದೇ ಕಡೆ ಒತ್ತಿದ ರಡ್ಡರ್: ಸ್ಪಿನ್, ಅಂದರೆ ಸುರುಳಿ ಸುತ್ತುತ್ತ ಬೀಳುವುದನ್ನು, ಮಾಡಿಸಲು ಎತ್ತರದಲ್ಲಿ ಬೇಕೆಂದೇ ಕೊಡುವ ಆಜ್ಞೆಯೂ ಇದೇ. ಎಂಜಿನ್ ಚೆನ್ನಾಗಿದ್ದಾಗಲೂ ಇದೇ ಸರಣಿ ಇಳಿಯುವ ಮುನ್ನಿನ ಕೊನೆಯ ತಿರುವಿನಲ್ಲಿ ನಡೆಯುತ್ತದೆ.

ಸ್ಪಿನ್‌ನಿಂದ ಹೊರಬರುವ ಕ್ರಮ ಸರಳ. ಥ್ರಾಟಲ್ ಮುಚ್ಚಿ, ಏಲರಾನ್ ನಡುವಿಗೆ, ತಿರುಗುತ್ತಿರುವ ದಿಕ್ಕಿಗೆ ವಿರುದ್ಧ ರಡ್ಡರ್ ಪೂರ್ತಿ, ಒಂದು ಕ್ಷಣ ಬಿಟ್ಟು ಸ್ಟಿಕ್ ಮುಂದಕ್ಕೆ, ತಿರುಗುವುದು ನಿಂತ ಕೂಡಲೇ ರಡ್ಡರ್ ನಡುವಿಗೆ, ನಿಧಾನವಾಗಿ ಮೂಗು ಎತ್ತಿ. ಟೈಗರ್ ಮಾತ್ ಇದಕ್ಕೆ ಮರ್ಯಾದೆಯಿಂದ ಒಪ್ಪುತ್ತದೆ. ಮೂರು ಸಾವಿರ ಅಡಿಯಲ್ಲಿ ಇದು ಪಾಠ. ಒಂದೊಂದು ಸುತ್ತಿಗೆ ಇನ್ನೂರು ಮುನ್ನೂರು ಅಡಿ ತಿನ್ನುವ ಸ್ಪಿನ್ ಇನ್ನೂರು ಅಡಿಯಲ್ಲಿ ಶುರುವಾದರೆ ಕ್ರಮ ಗೊತ್ತಿದ್ದೂ ಉಪಯೋಗವಿಲ್ಲ.

ತಯಾರಕರು ಕೊಟ್ಟಿರುವ ರಕ್ಷಣೆಗಳು ಎರಡು. ಮೇಲಿನ ರೆಕ್ಕೆಯ ತುದಿಗಳಲ್ಲಿ ಹ್ಯಾಂಡ್ಲಿ ಪೇಜ್ ಸ್ಲ್ಯಾಟ್ ಎಂಬ, ಮುಂಚಿನ ಅಂಚಿನ ಪಟ್ಟಿಗಳಿವೆ. ವೇಗ ತಗ್ಗಿ ರೆಕ್ಕೆಯ ಕೋನ ಹೆಚ್ಚಿದಾಗ ತಾವಾಗಿ ತೆರೆದು ತುದಿ ಸ್ಟಾಲ್ ಆಗುವುದನ್ನು ತಡಮಾಡುತ್ತವೆ. ಕಸರತ್ತಿನ ಹಾರಾಟಕ್ಕೂ ನೆಲದ ಓಡಾಟಕ್ಕೂ ಇವನ್ನು ಲಾಕ್ ಮಾಡುವ ಹಿಡಿಕೆ ಇದೆ. ಇಳಿಯುವಾಗ ಬಿಡಿಸಲು ಮರೆತರೆ ಈ ರಕ್ಷಣೆ ಇಲ್ಲದಂತೆಯೇ. ಇಂದು ಸಿಗುವ ಹಲವು ವಿಮಾನಗಳಲ್ಲಿ ಸ್ಲ್ಯಾಟ್ ತೆಗೆದೇ ಹಾಕಿರುತ್ತಾರೆ, ಕೊಳ್ಳುವ ಮುಂಚೆ ನೋಡಿಕೊಳ್ಳಿ. ಎರಡನೆಯದು ಬಾಲದ ಅಡ್ಡರೆಕ್ಕೆಯ ಮುಂದೆ ಎರಡೂ ಬದಿ ಇರುವ ಸಣ್ಣ ಪಟ್ಟಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆಲವು ವಿಮಾನಗಳು ಸ್ಪಿನ್‌ನಿಂದ ಹೊರಬರಲು ಹಟ ಮಾಡಿದಾಗ ಸೇರಿಸಿದ್ದು. ಏಲರಾನ್‌ಗೆ ಕಟ್ಟಿದ್ದ ಸಮತೋಲದ ತೂಕಗಳನ್ನೂ ಆಗಲೇ ತೆಗೆದರು.

ಅಂಕ ಕೊಡುವುದಾದರೆ ಎತ್ತರದಲ್ಲಿ ಹತ್ತಕ್ಕೆ ಒಂಬತ್ತು. ಮರದ ತುದಿಯ ಮಟ್ಟದಲ್ಲಿ ಮೂರು.

ಇಳಿಯಲು ನಮ್ಮ ಹೊಲಗಳು

ಹಾಗಾದರೆ ಎಂಜಿನ್ ನಿಂತರೆ ಮಾಡುವುದೇನು? ಮೂಗು ಇಳಿಸಿ, 60 ಮೈಲಿ ಹಿಡಿಯಿರಿ, ಎದುರಿಗೆ ಎಡಬಲ 30 ಡಿಗ್ರಿಯೊಳಗೆ ಇರುವ ಹೊಲ ಆರಿಸಿ, ಕಾಕ್ ಮುಚ್ಚಿ, ಸ್ವಿಚ್ ಆಫ್ ಮಾಡಿ. ಕೊನೆಯ ಎರಡು ಕೆಲಸ ಬಿಟ್ಟವರು ಬಿದ್ದ ಪೆಟ್ಟಿಗಲ್ಲ, ಬೆಂಕಿಗೆ ಸತ್ತಿದ್ದಾರೆ. ತಲೆ ಮೇಲೆ ಪೆಟ್ರೋಲ್, ಮುಂದೆ ಕಾದ ಎಂಜಿನ್, ಸುತ್ತ ಬೇಗ ಹೊತ್ತಿಕೊಳ್ಳುವ ಡೋಪ್ ಮೆರುಗು ಬಳಿದ ಬಟ್ಟೆ. ಎತ್ತರ ಹೆಚ್ಚಾಯಿತು ಅನ್ನಿಸಿದರೆ ಬೇಗ ಇಳಿಸಲು ರೆಕ್ಕೆಯಲ್ಲಿ ಫ್ಲ್ಯಾಪ್ ಇಲ್ಲ; ವಿಮಾನವನ್ನು ಓರೆ ಮಾಡಿ ಜಾರಿಸಬೇಕು. ಈ ಓರೆ ಜಾರಿಕೆಯಲ್ಲಿ ಟೈಗರ್ ಮಾತ್ ಬಹಳ ಸೊಗಸು.

ನಮ್ಮ ಜಿಲ್ಲೆಗಳ ನೆಲ ಒಂದೇ ಥರ ಇಲ್ಲ. ಅತ್ಯುತ್ತಮ ಅಂದರೆ ಶೇಂಗಾ ಕಿತ್ತ ಮಸಾರಿ ಹೊಲ. ನೆಲ ಗಟ್ಟಿ, ಬೆಳೆ ಇಲ್ಲ, ಬದು ದೂರ ದೂರ. ರಾಯಚೂರು, ಸಿಂಧನೂರು ಕಡೆಯ ಎರೆಹೊಲ ಚಳಿಗಾಲದಲ್ಲಿ ನಡೆದೀತು. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಚಕ್ರ ಸಿಕ್ಕಿಕೊಳ್ಳುತ್ತದೆ, ಮಳೆಗಾಲದಲ್ಲಿ ಕೇಳುವುದೇ ಬೇಡ. ಗಂಗಾವತಿ, ಸಿರುಗುಪ್ಪದ ಭತ್ತದ ಗದ್ದೆ ಮೇಲಿನಿಂದ ಹಸಿರು ಹಾಸಿನಂತೆ ಕಣ್ಣಿಗೆ ತಂಪು, ಇಳಿಯುವವರಿಗೆ ಬಲೆ. ಚಕ್ರ ಕೆಸರಿಗೆ ತಾಗಿದ ಗಳಿಗೆಯಲ್ಲೇ ಬಾಲ ಮೇಲೆ, ವಿಮಾನ ಅಂಗಾತ. ಅಂಥಲ್ಲಿ ಇಳಿಯಲೇಬೇಕಾದರೆ ಬದುವಿಗೆ ಅಡ್ಡವಾಗಿ ಹೋಗದೆ ಉದ್ದಕ್ಕೆ, ಆದಷ್ಟು ಕಡಿಮೆ ವೇಗದಲ್ಲಿ, ಬಾಲ ತಗ್ಗಿಸಿ ಇಳಿಯಬೇಕು. ಎತ್ತರದ ಜೋಳ ಇದ್ದರೆ ಪೈರಿನ ತಲೆಯನ್ನೇ ನೆಲ ಎಂದು ಲೆಕ್ಕ ಹಾಕಿ ಅಲ್ಲಿಯೇ ವೇಗ ಕಳೆಯಬೇಕು. ಆನೆಗೊಂದಿ, ಹಂಪಿ ಸುತ್ತಿನ ಬಂಡೆಗುಡ್ಡಗಳ ಮೇಲೆ ಒಂಟಿ ಎಂಜಿನ್ ವಿಮಾನದಲ್ಲಿ ತಗ್ಗಾಗಿ ಹಾರುವುದಕ್ಕೆ ಯಾವ ನೆಪವೂ ಸಲ್ಲದು.

ಒಳ್ಳೆಯ ಜಾಗದಲ್ಲಿ ಇಳಿದರೂ ಕೆಲಸ ಮುಗಿದಿಲ್ಲ. ಬಾಲದಲ್ಲಿ ಚಕ್ರವಿಲ್ಲ, ನೆಲಕ್ಕೆ ಉಜ್ಜುವ ಉಕ್ಕಿನ ಸ್ಕಿಡ್ ಮಾತ್ರ. ತೂಕದ ಕೇಂದ್ರ ಮುಖ್ಯ ಚಕ್ರಗಳ ಹಿಂದಿದೆ. ಮೂಗು ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಬಾಲ ಅದನ್ನು ಇನ್ನಷ್ಟು ತಿರುಗಿಸುತ್ತದೆ. ಹುಲ್ಲಿನ ಮೇಲೆ ಸ್ಕಿಡ್ ನೆಲ ಕಚ್ಚಿ ಹಿಡಿಯುತ್ತದೆ, ಡಾಂಬರಿನ ಮೇಲೆ ಜಾರುತ್ತದೆ. ಅಂದಿನ ಮೈದಾನಗಳು ಎಲ್ಲ ದಿಕ್ಕಿಗೂ ತೆರೆದಿದ್ದವು, ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಬಹುದಿತ್ತು. ತೋರಣಗಲ್ಲು, ಗಿಣಿಗೇರಾ ಥರದ ಒಂಟಿ ರನ್‌ವೇ ಈ ವಿಮಾನಕ್ಕೆ ಹೇಳಿಸಿದ್ದಲ್ಲ, ಅದರಲ್ಲೂ ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ಬೀಸುವಾಗ.

ನಿರ್ವಹಣೆ, ಮತ್ತು ಕೊಳ್ಳುವವರಿಗೆ

ಒಡಲು ಉಕ್ಕಿನ ಕೊಳವೆ, ರೆಕ್ಕೆ ಸ್ಪ್ರೂಸ್ ಮರ, ಮೇಲೆ ಬಟ್ಟೆ. ಮರಕ್ಕೆ ನಮ್ಮ ಹವೆ ಕಷ್ಟ. ಮಾರ್ಚ್ ಬಂತೆಂದರೆ ಗಾಳಿ ಒಣಗಿ ಮರ ಕುಗ್ಗುತ್ತದೆ. ಮರದ ಪ್ರೊಪೆಲ್ಲರಿನ ಬೋಲ್ಟ್‌ಗಳು ತಾವಾಗಿ ಸಡಿಲವಾಗುತ್ತವೆ. ಹಂಗಾಮು ಬದಲಾದಾಗಲೆಲ್ಲ ಬಿಗಿ ನೋಡಬೇಕು. ಮಳೆಗಾಲದಲ್ಲಿ ಉಬ್ಬಿದ ಮರವನ್ನು ಅದೇ ಬಿಗಿಯಲ್ಲಿ ಬಿಟ್ಟರೆ ನಾರು ಜಜ್ಜುತ್ತದೆ, ಅದೂ ಗಮನದಲ್ಲಿರಲಿ. ರೆಕ್ಕೆಯೊಳಗೆ ಅಂಟು ಬಿಟ್ಟಿದೆಯೇ ಎಂದು ತಿಳಿಯಲು ಬಟ್ಟೆ ಬಿಚ್ಚದೆ ಬೇರೆ ಖಚಿತ ದಾರಿಯಿಲ್ಲ. ಸಂಡೂರು ಕಡೆಯ ಅದಿರಿನ ಕೆಂಪು ಧೂಳು ಎಂಜಿನ್ನಿಗೂ ಏಲರಾನ್ ಕೇಬಲ್‌ಗಳ ರಾಟೆಗೂ ಉಜ್ಜುಕಾಗದ ಇದ್ದಂತೆ.

ಎಣ್ಣೆಯ ಒತ್ತಡ ಚದರ ಇಂಚಿಗೆ 40ರಿಂದ 45 ಪೌಂಡ್ ಇರಬೇಕು. 30ಕ್ಕೆ ಇಳಿದರೆ ಇಳಿಯುವ ಯೋಚನೆ ಮಾಡಿ. ಎಣ್ಣೆಯನ್ನು ಧಾರಾಳವಾಗಿ ಕುಡಿಯುವ, ಧಾರಾಳವಾಗಿ ಸೋರುವ ಎಂಜಿನ್ ಇದು, ಪ್ರತಿ ಹಾರಾಟಕ್ಕೂ ಮಟ್ಟ ನೋಡಬೇಕು. ಪೆಟ್ರೋಲ್ ಗಂಟೆಗೆ 27ರಿಂದ 30 ಲೀಟರ್. ವಿಮಾನದ ಪೆಟ್ರೋಲ್ ಎಲ್ಲ ನಿಲ್ದಾಣಗಳಲ್ಲಿ ಸಿಗುವುದಿಲ್ಲ. ಪೀಪಾಯಿಯಲ್ಲಿ ತರಿಸಿದರೆ ನೀರು ಸೇರಿರುವ ಅನುಮಾನ ಇಟ್ಟುಕೊಂಡೇ ಸೋಸಿ ಹಾಕಬೇಕು.

ಬೇರೆ ಆಯ್ಕೆ ಏನಿತ್ತು ಎಂದರೆ, ನಮ್ಮ ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿದ ಎಚ್‌ಟಿ-2. ವಿ.ಎಂ. ಘಾಟಗೆ ಅವರ ವಿನ್ಯಾಸ, 1951ರ ಆಗಸ್ಟ್‌ನಲ್ಲಿ ಮೊದಲು ಹಾರಿತು, ವಾಯುಪಡೆಯಲ್ಲಿ ಟೈಗರ್ ಮಾತ್‌ನ ಜಾಗಕ್ಕೆ ಬಂತು. ಲೋಹದ ಮೈ, 155 ಅಶ್ವಶಕ್ತಿ, ನಮ್ಮ ಹವೆಗೆ ಹೆಚ್ಚು ಹೊಂದುವಂಥದ್ದು. ಈಗ ಹಾರುವ ಸ್ಥಿತಿಯಲ್ಲಿರುವುದನ್ನು ಹುಡುಕುವುದೇ ಕಷ್ಟ. ಪೈಲಟ್ ಲೈಸೆನ್ಸಿಗಾಗಿ ಗಂಟೆ ಲೆಕ್ಕ ಹಾಕುವವರಿಗೆ ಇವೆರಡೂ ಬೇಡ. ಫ್ಲ್ಯಾಪ್, ಬ್ರೇಕ್, ಸ್ಟಾಲ್ ಎಚ್ಚರಿಕೆಯ ಸದ್ದು ಇರುವ ಇಂದಿನ ವಿಮಾನದಲ್ಲಿ ಶುರು ಮಾಡಿ. ಲೈಸೆನ್ಸ್ ಕೈಗೆ ಬಂದ ಮೇಲೆ ಕಾಲಿಗೆ ಬುದ್ಧಿ ಕಲಿಸಲು ಹತ್ತು ಗಂಟೆ ಟೈಗರ್ ಮಾತ್ ಹಾರಿಸಿದರೆ ಆ ದುಡ್ಡು ದಂಡವಲ್ಲ.

ಕೊಳ್ಳುವವರು ಬಣ್ಣ, ಸೀಟಿನ ಚರ್ಮ ಆಮೇಲೆ ನೋಡಲಿ. ಮೊದಲು ಕಾಕ್‌ಪಿಟ್ಟಿನ ನೆಲದ ಕೆಳಗೆ ಅಡ್ಡಲಾಗಿ ಹೋಗುವ ಉಕ್ಕಿನ ಟೈ ರಾಡ್‌ಗಳ ಕಾಗದ ಕೇಳಿ. ಎರಡೂ ಬದಿಯ ರೆಕ್ಕೆಗಳ ಎಳೆತವನ್ನು ಹಿಡಿದಿಡುವುದು ಅವೇ. 2013ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಸರತ್ತು ಮಾಡುತ್ತಿದ್ದ ಒಂದು ಟೈಗರ್ ಮಾತ್‌ನ ರೆಕ್ಕೆ ಕಳಚಿ ಇಬ್ಬರು ಸತ್ತರು. ತನಿಖೆಯಲ್ಲಿ ಎರಡೂ ರಾಡ್ ತಿರುಪಿನ ಮರೆಯ (ಥ್ರೆಡ್) ಹತ್ತಿರ ದಣಿದು ಬಿರುಕು ಬಿಟ್ಟು ಮುರಿದಿದ್ದು ಕಂಡಿತು. ಅವು ಮೂಲ ತಯಾರಕರ ರಾಡ್‌ಗಳಾಗಿರಲಿಲ್ಲ, ಆಮೇಲೆ ಹಾಕಿದ ಬದಲಿ ಭಾಗ. ಹಾರಿದ ಗಂಟೆಗಳು ಮತ್ತು ಹಾಕಿದ ಮೇಲೆ ಉರುಳಿದ ವರ್ಷಗಳು ಎರಡರ ಲೆಕ್ಕದಲ್ಲೂ ಅವುಗಳಿಗೆ ಆಯುಸ್ಸಿನ ಮಿತಿಯಿದೆ. ಯಾವಾಗ ಹಾಕಿದ್ದು, ಯಾರು ತಯಾರಿಸಿದ್ದು, ಎಷ್ಟು ಗಂಟೆ ಹಾರಿದ್ದು ಎನ್ನುವ ದಾಖಲೆ ಇಲ್ಲದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಮಾತುಕತೆ ಮುಂದುವರಿಸಬೇಡಿ.